ಗುಂಡಿ ತೋಡುವ ಮೊದಲು ಜುಲೈ ತಿಂಗಳ ಬಾವಿ ನೋಡಿ: ಅಳಿವೆ ದಡದ ಕೇರಿಗೊಂದು ಕೊಳಚೆ ನೀರಿನ ವ್ಯವಸ್ಥೆ

ಅಘನಾಶಿನಿ, ಶರಾವತಿ, ಪಂಚಗಂಗಾವಳಿ, ಸ್ವರ್ಣಾ. ನಮ್ಮ ಕರಾವಳಿಯಲ್ಲಿ ಹೊಳೆ ಸಮುದ್ರ ಸೇರುವ ಯಾವ ಅಳಿವೆಯ ದಡಕ್ಕೆ ಹೋದರೂ ನೋಟ ಹೆಚ್ಚುಕಡಿಮೆ ಒಂದೇ. ಐವತ್ತು ಅರವತ್ತು ಮನೆಗಳ ಕೇರಿ. ಮನೆಗೊಂದು ಬಾವಿ. ಬಾವಿಯಿಂದ ಹತ್ತು ಹದಿನೈದು ಹೆಜ್ಜೆಗೆ ಶೌಚಾಲಯದ ಗುಂಡಿ. ಅದರಾಚೆ ತೆಂಗಿನ ಸಾಲು, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು, ಹೊಳೆ. ಇಳಿತದ ಹೊತ್ತಿಗೆ ಕೆಸರಿಗಿಳಿದು ಬಳಚು ಎಂಬ ಚಿಪ್ಪಿನ ಜೀವಿ ಹೆಕ್ಕುವವರು. ಮೇಲಿಂದ ನೋಡಿದರೆ ಬಾವಿ, ಗುಂಡಿ, ಹೊಳೆ ಮೂರೂ ಬೇರೆ ಬೇರೆ. ನೆಲದೊಳಗೆ, ಅದರಲ್ಲೂ ಮಳೆಗಾಲದಲ್ಲಿ, ಮೂರರದ್ದೂ ಒಂದೇ ನೀರು.

ಇಂಥ ಕೇರಿಯಲ್ಲಿ ಕೊಳಚೆ ನೀರಿಗೆ ಏನು ಮಾಡಬೇಕು ಅನ್ನುವುದನ್ನು ಪಂಚಾಯತಿ ಸದಸ್ಯರು, ಯುವಕ ಮಂಡಲದವರು, ಸ್ತ್ರೀಶಕ್ತಿ ಗುಂಪಿನವರು, ಹೋಮ್‌ಸ್ಟೇ ನಡೆಸುವವರು ಓದಿ ಕೆಲಸ ಶುರು ಮಾಡುವ ಹಾಗೆ ಬರೆದಿದ್ದೇನೆ. 30ರಿಂದ 100 ಮನೆಗಳ ಊರಿಗೆ ಇದು ಹೊಂದುತ್ತದೆ. ಪಟ್ಟಣದ ಒಳಚರಂಡಿಯ ಲೆಕ್ಕವೇ ಬೇರೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆಯೂ ಹೇಳುತ್ತಿರುತ್ತೇನೆ. ಫೆಬ್ರವರಿಯ ಒಣ ನೆಲ ನೋಡಿ ಗುಂಡಿ ತೋಡಬೇಡಿ. ನಮ್ಮಲ್ಲಿ ಶೌಚಾಲಯದ ಕೆಲಸವೆಲ್ಲ ಜನವರಿಯಿಂದ ಮೇ ಒಳಗೆ ನಡೆಯುತ್ತದೆ. ಆಗ ಹತ್ತು ಅಡಿ ಅಗೆದರೂ ನೀರು ಕಾಣುವುದಿಲ್ಲ. ರಿಂಗ್ ಇಳಿಸಿ ಮುಚ್ಚಿ ಹೋಗುತ್ತಾರೆ. ಜುಲೈನಲ್ಲಿ ಅದೇ ಜಾಗದಲ್ಲಿ ನೀರು ಎರಡು ಅಡಿಗೆ ಬಂದಿರುತ್ತದೆ. ಅಂದರೆ ಮಲದ ಗುಂಡಿಯ ಮುಕ್ಕಾಲು ಪಾಲು ಅಂತರ್ಜಲದಲ್ಲೇ ಮುಳುಗಿರುತ್ತದೆ. ಪಕ್ಕದ ಬಾವಿಗೆ ಕೊಡಪಾನ ಇಳಿಸಿದರೆ ಬರುವುದು ಅದೇ ನೀರು, ಅಲ್ವಾ?

ಮೊದಲ ಹೆಜ್ಜೆ: ಇಳಿತದಲ್ಲಿ ಒಮ್ಮೆ ದಡದ ಮೇಲೆ ನಡೆಯಿರಿ

ಯಾವ ಎಂಜಿನಿಯರನ್ನೂ ಕರೆಯುವ ಮೊದಲು ಊರವರೇ ಒಂದು ನಕ್ಷೆ ಮಾಡಬೇಕು. ದೊಡ್ಡ ಹಾಳೆ ಸಾಕು. ಪ್ರತಿ ಮನೆ, ಅದರ ಬಾವಿ, ಶೌಚಾಲಯದ ಗುಂಡಿ, ಬಚ್ಚಲು ನೀರು ಹೋಗುವ ದಿಕ್ಕು, ದನದ ಕೊಟ್ಟಿಗೆ, ತೋಡು, ಹೊಳೆ. ಬಾವಿಗೂ ಗುಂಡಿಗೂ ಇರುವ ದೂರವನ್ನು ಟೇಪ್ ಹಿಡಿದು ಅಳೆಯಿರಿ. ಕಣ್ಣಂದಾಜು ಯಾವಾಗಲೂ ಜಾಸ್ತಿಯೇ ಹೇಳುತ್ತದೆ.

ಮನೆಮನೆಗೆ ಹೋದಾಗ ನಾಲ್ಕು ಪ್ರಶ್ನೆ ಕೇಳಿ. ಗುಂಡಿಯ ತಳಕ್ಕೆ ಕಾಂಕ್ರೀಟ್ ಇದೆಯೋ, ಬರೀ ಮಣ್ಣೋ? ತುಂಬಿದರೆ ಹೊರಗೆ ಹೋಗಲು ಪೈಪ್ ಇಟ್ಟಿದ್ದಾರೋ? ಕೊನೆಯ ಸಲ ಖಾಲಿ ಮಾಡಿಸಿದ್ದು ಯಾವಾಗ? ಮಳೆಗಾಲದಲ್ಲಿ ಫ್ಲಶ್ ಮಾಡಿದರೆ ನೀರು ತಿರುಗಿ ಮೇಲೆ ಬರುತ್ತದೆಯೋ? ಕೊನೆಯ ಪ್ರಶ್ನೆಯನ್ನು ಮನೆಯ ಹೆಂಗಸರಲ್ಲೇ ಕೇಳಿ. ಶೌಚಾಲಯ ತೊಳೆಯುವವರು ಅವರು, ಸರಿಯಾದ ಉತ್ತರ ಸಿಗುವುದೂ ಅಲ್ಲೇ. ‘ಹದಿನೈದು ವರ್ಷದಿಂದ ಖಾಲಿಯೇ ಮಾಡಿಸಿಲ್ಲ, ಒಳ್ಳೆ ಗುಂಡಿ’ ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ಆ ಮನೆಗೆ ಕೆಂಪು ಗುರುತು ಹಾಕಿ. ತುಂಬದ ಗುಂಡಿಯಿಂದ ನೀರು ಮಣ್ಣಿಗೆ ಹೋಗುತ್ತಿದೆ ಎಂದೇ ಅರ್ಥ. ಬಹಳ ಕಡೆ ಸೆಪ್ಟಿಕ್ ಟ್ಯಾಂಕ್ ಎಂದು ಕರೆಯುವುದು ತಳವಿಲ್ಲದ ರಿಂಗಿನ ಗುಂಡಿಯನ್ನೇ.

ಆಮೇಲೆ ದೊಡ್ಡ ಇಳಿತ ಇರುವ ದಿನ, ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸು, ಹೊಳೆಯ ದಡದಲ್ಲಿ ನಡೆಯಿರಿ. ಭರತದಲ್ಲಿ ಮುಳುಗಿ ಕಾಣದ ಪೈಪುಗಳೆಲ್ಲ ಆಗ ಕಾಣುತ್ತವೆ. ಪೈಪಿನ ಬಾಯಿಯ ಕೆಳಗೆ ಕೆಸರು ಮಸಿಯ ಹಾಗೆ ಕಪ್ಪಾಗಿದ್ದರೆ, ಸುತ್ತ ಕಲ್ಲಿಗೆ ದಪ್ಪ ಹಸಿರು ಲೋಳೆ ಹಿಡಿದಿದ್ದರೆ, ಅದು ಮಳೆನೀರಿನ ಪೈಪ್ ಅಲ್ಲ. ಫೋಟೋ ತೆಗೆದು ನಕ್ಷೆಯಲ್ಲಿ ಗುರುತು ಮಾಡಿ. ಯಾರ ಮನೆಯದು ಎಂದು ಜಗಳ ತೆಗೆಯುವ ಹೊತ್ತು ಇದಲ್ಲ. ಎಲ್ಲಿ ಬಳಚು, ಮರುವಾಯಿ ಹೆಕ್ಕುತ್ತಾರೆ ಅನ್ನುವುದನ್ನೂ ಗುರುತಿಸಿ. ಮುಂದೆ ನೀರು ಬಿಡುವ ಜಾಗ ನಿರ್ಧರಿಸುವಾಗ ಈ ಗುರುತೇ ಮುಖ್ಯ.

ಚಿಪ್ಪಿನ ಜೀವಿಗಳ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣ ಇದೆ. ಅವು ನೀರನ್ನು ಮೈಯೊಳಗೆ ಎಳೆದು, ಸೋಸಿ, ಅದರಲ್ಲಿರುವ ಕಣಗಳನ್ನು ತಿಂದು ಬದುಕುತ್ತವೆ. ನೀರಲ್ಲಿ ಮಲದ ರೋಗಾಣು ಇದ್ದರೆ ಅದೂ ಒಳಗೆ ಸೇರುತ್ತಾ ಹೋಗುತ್ತದೆ. ಹೆಪಟೈಟಿಸ್ ಎ, ಅಂದರೆ ನಮ್ಮ ಜನ ಸುಮ್ನೆ ಕಾಮಾಲೆ ಎನ್ನುವುದು, ಅರೆಬೆಂದ ಚಿಪ್ಪಿನಿಂದಲೂ ಬರುತ್ತದೆ. ಅಘನಾಶಿನಿ ಅಳಿವೆಗೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಅಲ್ಲಿ ಬಳಚು ಹೆಕ್ಕಿ, ಸೀಗಡಿ ಹಿಡಿದು, ಉಪ್ಪುನೀರಿನ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆದು ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಆ ನೀರು ಕೆಟ್ಟರೆ ಮೊದಲು ಕೆಡುವುದು ಅವರ ಬದುಕು.

ಎರಡನೆಯದು: ಬಾವಿಯೇ ನಿಮ್ಮ ಅಳತೆಗೋಲು

ಹಗ್ಗಕ್ಕೆ ಕಲ್ಲು ಕಟ್ಟಿ, ಅಡಿ ಅಡಿಗೂ ಗಂಟು ಹಾಕಿ. ಬಾವಿಯ ಕಟ್ಟೆಯಿಂದಲ್ಲ, ನೆಲಮಟ್ಟದಿಂದ ನೀರಿನ ಮೇಲ್ಮೈವರೆಗೆ ಅಳೆಯಿರಿ. ಏಪ್ರಿಲ್‌ನಲ್ಲಿ ಒಮ್ಮೆ, ಜುಲೈ ಕೊನೆಗೆ ಒಮ್ಮೆ. ಕೇರಿಯ ಎತ್ತರದ ಕಡೆಯ ಬಾವಿಗಳು, ಹೊಳೆಯ ಪಕ್ಕದವು, ನಡುವಿನವು, ಹೀಗೆ ಏಳೆಂಟು ಬಾವಿ ಅಳೆದರೆ ಸಾಕು. ಎಲ್ಲ ನಿರ್ಧಾರಕ್ಕೂ ಬಳಸಬೇಕಾದ್ದು ಜುಲೈ ಅಳತೆ. ಈ ಒಂದು ಅಳತೆಗಾಗಿ ಒಂದು ಮಳೆಗಾಲ ಕಾಯಬೇಕಾದರೂ ಕಾಯಿರಿ. ದುಡ್ಡು ಬಂದಿದೆ, ಮಾರ್ಚ್ ಒಳಗೆ ಖರ್ಚು ಮಾಡಬೇಕು ಎಂಬ ಅವಸರದಲ್ಲಿ ಆದ ಕೆಲಸಗಳೇ ನಮ್ಮ ಕೇರಿಗಳಲ್ಲಿ ಜಾಸ್ತಿ.

ಮಣ್ಣು ನೀರನ್ನು ಎಷ್ಟು ಬೇಗ ಕುಡಿಯುತ್ತದೆ ಎಂದು ನೋಡುವ ಪರೀಕ್ಷೆ ಸುಲಭ. ಒಂದಡಿ ಅಗಲದ ಗುಂಡಿ ತೋಡಿ, ತಳಕ್ಕೆ ಎರಡು ಇಂಚು ಜಲ್ಲಿ ಹಾಕಿ, ನೀರು ತುಂಬಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಜಲ್ಲಿಯ ಮೇಲೆ ಆರಿಂಚು ನೀರು ನಿಲ್ಲುವಂತೆ ಮಾಡಿ, ಅರ್ಧ ಗಂಟೆಯಲ್ಲಿ ಎಷ್ಟು ಇಳಿಯಿತು ಎಂದು ಅಳೆಯಿರಿ. 25 ಮಿಲಿಮೀಟರ್ ಇಳಿಯಲು 30 ನಿಮಿಷಕ್ಕಿಂತ ಕಡಿಮೆ ಸಾಕಾದರೆ ಇಂಗುಗುಂಡಿ ನಡೆಯುತ್ತದೆ, 60 ನಿಮಿಷದವರೆಗೆ ಆದರೆ ಉದ್ದದ ಇಂಗು ಕಾಲುವೆ ಬೇಕು, ಅದಕ್ಕೂ ಮೀರಿದರೆ ನೆಲಕ್ಕೆ ಇಂಗಿಸುವ ಯೋಚನೆಯೇ ಬೇಡ. ಸೆಪ್ಟಿಕ್ ಟ್ಯಾಂಕಿಗೆ ಇರುವ ಭಾರತೀಯ ಮಾನಕ 2470ರ ಲೆಕ್ಕ ಇದು. ಇಂಗಿಸುವ ಜಾಗ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್, ಮನೆಯಿಂದ 6 ಮೀಟರ್ ದೂರ ಇರಬೇಕು ಎಂದೂ ಅದೇ ಮಾನಕ ಹೇಳುತ್ತದೆ.

ಇಲ್ಲಿ ನಮ್ಮ ಕರಾವಳಿಗೆ ಒಂದು ಎಚ್ಚರಿಕೆ ಸೇರಿಸಬೇಕು. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದಲ್ಲಿ ನೀರು ಸರ್ರನೆ ಇಳಿದರೆ ಖುಷಿಪಡಬೇಡಿ. ಮುರಕಲ್ಲಿನೊಳಗೆ ತೂತುಗಳು, ಬಿರುಕುಗಳು ಇರುತ್ತವೆ. ಅಂಥಲ್ಲಿ ನೀರು ಸೋಸಿಕೊಂಡು ಹೋಗುವುದಿಲ್ಲ, ಹರಿದುಕೊಂಡೇ ಹೋಗುತ್ತದೆ. 18 ಮೀಟರ್ ದೂರ ಅಲ್ಲಿ ಸಾಲದು. ಹೊಳೆ ದಡದ ಹೊಯ್ಗೆ (ಮರಳು) ಮಣ್ಣು ಒಳ್ಳೆಯ ಸೋಸುಗ, ಆದರೆ ಅಲ್ಲಿ ನೀರಿನ ಮಟ್ಟವೇ ಮೇಲಿರುತ್ತದೆ. ಇಂಗುವ ಜಾಗದ ತಳಕ್ಕೂ ಜುಲೈ ನೀರಿನ ಮಟ್ಟಕ್ಕೂ ನಡುವೆ ಒಣ ಮಣ್ಣಿನ ಪದರ ಇರಲೇಬೇಕು, ಎರಡು ಮೀಟರ್ ಇದ್ದರೆ ನೆಮ್ಮದಿ. ರೋಗಾಣು ಸಾಯುವುದು ಆ ಒಣ ಪದರದಲ್ಲಿ.

ಬಾವಿ ನೀರನ್ನೂ ಪರೀಕ್ಷೆ ಮಾಡಿಸಿ. ಜಲ ಜೀವನ್ ಮಿಷನ್ ಅಡಿ ಪಂಚಾಯತಿಗಳಿಗೆ ಕೊಟ್ಟ ಪರೀಕ್ಷಾ ಕಿಟ್ ಎಷ್ಟೋ ಕಡೆ ಬೀರುವಿನಲ್ಲಿದೆ. ಅದರ ಪುಟ್ಟ ಬಾಟಲಿಗೆ ನೀರು ಹಾಕಿಟ್ಟರೆ, ಮಲದ ಬ್ಯಾಕ್ಟೀರಿಯಾ ಇದ್ದಲ್ಲಿ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ನೈಟ್ರೇಟನ್ನೂ ನೋಡಿಸಿ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಕಪ್ಪಾದ ಬಾಟಲಿಯನ್ನು ಗ್ರಾಮಸಭೆಗೆ ತನ್ನಿ. ಹತ್ತು ಭಾಷಣಕ್ಕಿಂತ ಅದನ್ನು ನೋಡಿ ಜನ ಮಾತಾಡಲು ಶುರು ಮಾಡುತ್ತಾರೆ.

ಮನೆ ಮಟ್ಟದಲ್ಲಿ ಆಗುವುದನ್ನು ಮನೆಯಲ್ಲೇ ಮುಗಿಸಿ

ನಕ್ಷೆ, ಬಾವಿ ಅಳತೆ ಎರಡೂ ಕೈಗೆ ಬಂದ ಮೇಲೆ ಕೇರಿ ತಾನಾಗಿ ಎರಡು ಭಾಗವಾಗಿ ಕಾಣುತ್ತದೆ. ಎತ್ತರದಲ್ಲಿರುವ, ಜಾಗ ಇರುವ, ಜುಲೈನಲ್ಲೂ ನೀರು ಆಳದಲ್ಲಿರುವ ಮನೆಗಳು ಒಂದು. ಅವಕ್ಕೆ ಅವಳಿ ಗುಂಡಿ (ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸುವ ಎರಡು ಗುಂಡಿ) ಅಥವಾ ಸರಿಯಾದ ಸೆಪ್ಟಿಕ್ ಟ್ಯಾಂಕ್ ಮತ್ತು ಇಂಗು ಕಾಲುವೆ ಸಾಕು. ತಗ್ಗಿನ, ಒತ್ತೊತ್ತಾದ, ಹೊಳೆಗೆ ತಾಗಿದ ಮನೆಗಳು ಇನ್ನೊಂದು. ಅವಳಿ ಗುಂಡಿಯನ್ನು ತಗ್ಗಿನ ಮನೆಗಳಿಗೆ ನಾನು ಹೇಳುವುದಿಲ್ಲ. ಅದಕ್ಕೆ ಗುಂಡಿಯನ್ನು ನೆಲದಿಂದ ಎತ್ತರಿಸಿ, ಸುತ್ತ ಅರ್ಧ ಮೀಟರ್ ಹೊಯ್ಗೆಯ ಹೊದಿಕೆ ಕೊಟ್ಟು, ತಳ ಮುಚ್ಚಿ ಕಟ್ಟುವ ವಿಧಾನ ಇದೆ. ಸರಿಯಾಗಿ ಕಟ್ಟಿದರೆ ನಡೆಯುತ್ತದೆ. ಆದರೆ ಹೊಯ್ಗೆಯ ಹೊದಿಕೆ ಮಣ್ಣಡಿ ಹೋಗುವ ಕೆಲಸ. ಮನೆಯವರು ನಿಂತು ನೋಡದಿದ್ದರೆ ಅದೇ ಮೊದಲು ಬಿಟ್ಟು ಹೋಗುತ್ತದೆ.

ಸೆಪ್ಟಿಕ್ ಟ್ಯಾಂಕ್ ಅಂದರೆ ತಳವೂ ಗೋಡೆಯೂ ನೀರು ಬಿಡದ, ಎರಡು ಕೋಣೆಯ ತೊಟ್ಟಿ. ಐದು ಜನರ ಮನೆಗೆ ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ, ಒಳಗೆ ಒಂದು ಮೀಟರ್ ನೀರಿನ ಆಳ, ಮೇಲೆ ಒಂದಡಿ ಖಾಲಿ ಜಾಗ. ಇದು ಕನಿಷ್ಠ ಅಳತೆ. ಒಳಬರುವ, ಹೊರಹೋಗುವ ಎರಡೂ ಪೈಪಿಗೆ ಟೀ ಆಕಾರದ ತುಂಡು ಹಾಕಿಸಿ. ಇಲ್ಲದಿದ್ದರೆ ಮೇಲೆ ತೇಲುವ ಕೆನೆ ನೇರ ಹೊರಗೆ ಹೋಗಿ ಇಂಗು ಕಾಲುವೆಯನ್ನು ಕಟ್ಟಿಸುತ್ತದೆ. ಕಟ್ಟಿದ ಮೇಲೆ ನೀರು ತುಂಬಿಸಿ ಒಂದು ದಿನ ಬಿಟ್ಟು ಮಟ್ಟ ಇಳಿಯುತ್ತದೆಯೋ ನೋಡಿ. ಇಳಿದರೆ ಮೇಸ್ತ್ರಿಗೆ ಕೊನೆಯ ಕಂತು ಕೊಡಬೇಡಿ.

ಟ್ಯಾಂಕಿನಿಂದ ಹೊರಬರುವ ನೀರು ತಿಳಿಯಾಗಿ ಕಂಡರೂ ಸ್ವಚ್ಛ ಅಲ್ಲ. ಕೊಳೆಯ ಮೂರನೇ ಒಂದು ಪಾಲು, ಹೆಚ್ಚೆಂದರೆ ಅರ್ಧ, ಟ್ಯಾಂಕಲ್ಲಿ ಕಳೆಯುತ್ತದೆ. ರೋಗಾಣು ಬಹುಪಾಲು ಹಾಗೇ ಉಳಿದಿರುತ್ತದೆ. ಹಾಗಾಗಿ ಅದನ್ನು ತೋಡಿಗೆ ಬಿಡುವ ಪೈಪ್ ಯಾವ ಕಾರಣಕ್ಕೂ ಇರಬಾರದು.

ಇನ್ನು ಮಳೆಗಾಲದಲ್ಲಿ ಟ್ಯಾಂಕ್ ಖಾಲಿ ಮಾಡಿಸುವ ವಿಷಯ. ಇದು ಅನೇಕರಿಗೆ ಗೊತ್ತಿಲ್ಲ, ದೊಡ್ಡ ನಷ್ಟ ಮಾಡುತ್ತದೆ. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಟ್ಯಾಂಕ್ ಮೂರು ಘನ ಮೀಟರ್ ಜಾಗ ಹಿಡಿದಿರುತ್ತದೆ. ಸುತ್ತ ನೀರು ನೆಲಮಟ್ಟಕ್ಕೆ ಬಂದಿದ್ದರೆ ಮೂರು ಟನ್ ಬಲ ಅದನ್ನು ಕೆಳಗಿಂದ ಮೇಲಕ್ಕೆ ನೂಕುತ್ತಿರುತ್ತದೆ. ಒಳಗೆ ತುಂಬಿದ್ದಾಗ ಭಾರ ಸರಿದೂಗುತ್ತದೆ. ಖಾಲಿ ಮಾಡಿದ ತಕ್ಷಣ ಟ್ಯಾಂಕ್ ಎದ್ದು ಬರಬಹುದು, ಪೈಪು ಮುರಿಯಬಹುದು, ತಳ ಬಿರಿಯಬಹುದು. ಪ್ಲಾಸ್ಟಿಕ್ ಟ್ಯಾಂಕ್ ಹಗುರ, ಅದು ಮೊದಲು ಏಳುತ್ತದೆ. ಪ್ಲಾಸ್ಟಿಕ್ ಟ್ಯಾಂಕ್ ಹಾಕುವುದಿದ್ದರೆ ಕೆಳಗೆ ಕಾಂಕ್ರೀಟ್ ಹಾಸು ಮಾಡಿ ಪಟ್ಟಿಯಿಂದ ಕಟ್ಟಿಸಿ. ಮತ್ತು ಯಾವ ಟ್ಯಾಂಕನ್ನೇ ಆಗಲಿ ದೀಪಾವಳಿ ಕಳೆದು ಮೇ ಒಳಗೆ ಖಾಲಿ ಮಾಡಿಸಿ.

ಬಚ್ಚಲು, ಅಡುಗೆಮನೆ ನೀರನ್ನು ಶೌಚಾಲಯದ ನೀರಿಗೆ ಸೇರಿಸದಿದ್ದರೆ ಅರ್ಧ ಕೆಲಸ ಹಗುರ. ಬಾಳೆ, ಕೆಸು ಹಾಕಿದ ಪಾತಿಗೆ ಬಿಡಿ. ಪಾತಿಯನ್ನು ನೆಲದಿಂದ ಒಂದಡಿ ಎತ್ತರಿಸಿ, ಇಲ್ಲದಿದ್ದರೆ ಆಷಾಢದಲ್ಲಿ ಸೊಳ್ಳೆ ಹೊಂಡ ಆಗುತ್ತದೆ. ಉದ್ಯೋಗ ಖಾತ್ರಿಯಲ್ಲಿ ಎಷ್ಟೋ ಪಂಚಾಯತಿಗಳು ಬಚ್ಚಲು ಗುಂಡಿ ಮಾಡಿಸಿವೆ, ಎತ್ತರದ ಮನೆಗಳಿಗೆ ಅವು ಚೆನ್ನಾಗಿಯೇ ನಡೆಯುತ್ತವೆ. ಮೀನು ತೊಳೆದ ನೀರು, ಹುರಿದ ಎಣ್ಣೆ ಮಾತ್ರ ನೇರ ಹೋಗಬಾರದು. ಸಿಂಕಿನ ಪೈಪಿಗೆ ಒಂದು ಸಣ್ಣ ಜಿಡ್ಡು ತಡೆಯುವ ಪೆಟ್ಟಿಗೆ ಇಟ್ಟು ವಾರಕ್ಕೊಮ್ಮೆ ಮೇಲಿನ ಜಿಡ್ಡು ತೆಗೆಯಬೇಕು. ಹೋಮ್‌ಸ್ಟೇ, ಹೋಟೆಲಿಗೆ ಇದನ್ನು ಪಂಚಾಯತಿ ಕಡ್ಡಾಯ ಮಾಡಲಿ.

ತಗ್ಗಿನ ಮನೆಗಳಿಗೆ: ಒಟ್ಟಾಗಿ ಒಂದು ವ್ಯವಸ್ಥೆ

ಮೂರು ಸೆಂಟ್ಸ್ ಜಾಗದಲ್ಲಿ ಮನೆ, ಬಾವಿ, ಗುಂಡಿ ಎಲ್ಲ ಇರುವಲ್ಲಿ 18 ಮೀಟರ್ ಎಲ್ಲಿಂದ ತರುವುದು? ಹೊಳೆ ನಡುವಿನ ನಡುಗಡ್ಡೆಗಳಾದ ಕುದ್ರುಗಳಲ್ಲಂತೂ ಸಾಧ್ಯವೇ ಇಲ್ಲ. ಅಲ್ಲಿ ನೀರನ್ನು ಒಂದೆಡೆ ತರಲೇಬೇಕು. ಹಾಗೆಂದು ಪಟ್ಟಣದ ಥರ ದೊಡ್ಡ ಪೈಪು, ಆಳದ ಮ್ಯಾನ್‌ಹೋಲ್ ಬೇಡ. ಪ್ರತಿ ಮನೆಯ ಸೆಪ್ಟಿಕ್ ಟ್ಯಾಂಕ್ ಅಲ್ಲೇ ಇರಲಿ, ಗಟ್ಟಿ ವಸ್ತು ಅಲ್ಲೇ ತಳ ಸೇರಲಿ. ಹೊರಬರುವ ನೀರು ಮಾತ್ರ ನಾಲ್ಕಿಂಚಿನ ಪೈಪಿನಲ್ಲಿ ಸಾಮೂಹಿಕ ಘಟಕಕ್ಕೆ ಹೋಗಲಿ. ಗಟ್ಟಿ ವಸ್ತು ಇಲ್ಲದ ಕಾರಣ ಪೈಪಿಗೆ ಇಳಿಜಾರು ಕಡಿಮೆ ಸಾಕು, ಆಳ ಅಗೆಯುವುದೂ ತಪ್ಪುತ್ತದೆ. ನೀರು ಮೇಲಿರುವ ನೆಲದಲ್ಲಿ ಇದು ದೊಡ್ಡ ಅನುಕೂಲ. ಪೈಪಿನ ಜೋಡಣೆ ಬಿಗಿಯಾಗಿರಲಿ. ಸಡಿಲ ಇದ್ದರೆ ಭರತದಲ್ಲಿ ಉಪ್ಪುನೀರು ಒಳಗೆ ಬಂದು ಮುಂದಿನ ಗಿಡಗಳನ್ನು ಕೊಲ್ಲುತ್ತದೆ.

ಒಂದು ಲೆಕ್ಕ ಮಾಡೋಣ. 60 ಮನೆ, 300 ಜನ. ಬಾವಿಗೆ ಪಂಪ್ ಇರುವ ಮನೆಗಳಲ್ಲಿ ಒಬ್ಬರಿಗೆ ದಿನಕ್ಕೆ 100 ಲೀಟರ್ ಬಳಕೆ ಎಂದಿಟ್ಟುಕೊಂಡರೆ, ಅದರ 80 ಶೇಕಡಾ ಕೊಳಚೆಯಾಗಿ ಬರುತ್ತದೆ. ಅಂದರೆ ದಿನಕ್ಕೆ 24,000 ಲೀಟರ್. ಬಚ್ಚಲು ನೀರು ಪ್ರತ್ಯೇಕ ಮಾಡಿದ ಮನೆಗಳಿದ್ದರೆ ಅಷ್ಟೂ ಕಡಿಮೆ.

ಮೋಟರ್, ನೀರಿಗೆ ಗಾಳಿ ಊದುವ ಬ್ಲೋವರ್ ಇರುವ ಪೆಟ್ಟಿಗೆಯಂಥ ಘಟಕವನ್ನು ಮಾರಲು ಬರುವವರು ಬಹಳ. ಜಾಗ ಕಡಿಮೆ ಸಾಕು ಅನ್ನುವುದು ನಿಜ. ಆದರೆ ನಮ್ಮಲ್ಲಿ ಜೂನ್‌ನ ಮೊದಲ ಗಾಳಿಗೆ ಕರೆಂಟ್ ಹೋದರೆ ಬರುವುದು ಯಾವಾಗಲೋ. ಉಪ್ಪುಗಾಳಿಗೆ ಮೋಟರ್, ಪ್ಯಾನೆಲ್ ಬೇಗ ತುಕ್ಕು ಹಿಡಿಯುತ್ತದೆ. ಬ್ಲೋವರಿನ ಗಾಳಿ ನಿಂತರೆ ಒಂದೆರಡು ದಿನದಲ್ಲಿ ಅದರ ಬ್ಯಾಕ್ಟೀರಿಯಾ ಸಾಯಲು ಶುರು. ಸಣ್ಣ ಕೇರಿಗೆ ಕರೆಂಟ್ ಬೇಡದ ದಾರಿಯೇ ಸರಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆ ದಾರಿ ಹೀಗಿದೆ. ಮೊದಲು ಒಂದು ದೊಡ್ಡ ತಂಗು ತೊಟ್ಟಿ. ಆಮೇಲೆ ಸಾಲಾಗಿ ತಡೆಗೋಡೆಗಳಿರುವ ತೊಟ್ಟಿ. ನೀರು ಪ್ರತಿ ಕೋಣೆಯಲ್ಲೂ ಕೆಳಗಿಂದ ಮೇಲೆ ಹತ್ತಿ ಮುಂದೆ ಹೋಗಬೇಕು, ಹತ್ತುವಾಗ ತಳದಲ್ಲಿ ಕೂತ ಬ್ಯಾಕ್ಟೀರಿಯಾದ ಪದರವನ್ನು ಹಾಯಬೇಕು. ಕೊನೆಯ ಒಂದೆರಡು ಕೋಣೆಗೆ ಜಲ್ಲಿ ತುಂಬಿಸಿ ಸೋಸುವಂತೆ ಮಾಡುತ್ತಾರೆ. ಅದರ ನಂತರ ಗಿಡ ನೆಟ್ಟ ಜಲ್ಲಿ ಹಾಸು: ಎರಡಡಿ ಆಳದ, ನೀರು ಬಿಡದ ತಳದ ತೊಟ್ಟಿಗೆ ಕರಿಕಲ್ಲಿನ ಜಲ್ಲಿ ತುಂಬಿ, ಮೇಲೆ ಕಾಬಾಳೆ, ಲಾವಂಚ, ಜೊಂಡು ನೆಡುವುದು. ಮುರಕಲ್ಲಿನ ಚೂರು ಬಳಸಬೇಡಿ, ಪುಡಿಯಾಗಿ ಕಟ್ಟಿಕೊಳ್ಳುತ್ತದೆ. ನೀರಿನ ಮಟ್ಟ ಜಲ್ಲಿಯ ಮೇಲ್ಮೈಗಿಂತ ಎರಡು ಮೂರು ಇಂಚು ಕೆಳಗೇ ಇರಬೇಕು. ನೀರು ಕಣ್ಣಿಗೆ ಕಾಣಬಾರದು, ಸೊಳ್ಳೆಗೂ ಕಾಣಬಾರದು.

ಒಬ್ಬರಿಗೆ ಒಂದರಿಂದ ಎರಡು ಚದರ ಮೀಟರ್ ಹಾಸು ಎಂದು ಹಿಡಿದರೆ 300 ಜನರಿಗೆ ಏಳೂವರೆಯಿಂದ ಹದಿನೈದು ಸೆಂಟ್ಸ್. ತೊಟ್ಟಿಗಳು, ಓಡಾಡುವ ಜಾಗ ಸೇರಿ ಇಪ್ಪತ್ತು ಸೆಂಟ್ಸ್ ಹುಡುಕಿ. ಕೆಲಸ ಮುಗಿಯುವುದು ಮಳೆ ಬಿಟ್ಟ ಮೇಲಾದರೆ ಒಳ್ಳೆಯದು. ಸೆಗಣಿ ಕದಡಿದ ನೀರು ಹಾಕಿ ಬ್ಯಾಕ್ಟೀರಿಯಾ ಹಿಡಿಸಲು ಎರಡು ಮೂರು ತಿಂಗಳು ಬೇಕು. ಅಷ್ಟರೊಳಗೆ ನೀರು ಪರೀಕ್ಷೆ ಮಾಡಿ ‘ಕೆಲಸ ಮಾಡ್ತಾ ಇಲ್ಲ’ ಎಂದು ತೀರ್ಮಾನಿಸಬೇಡಿ.

ಮತ್ತೆ ಮಳೆಗಾಲ. ನಮ್ಮಲ್ಲಿ ಒಂದು ದಿನಕ್ಕೆ 100 ಮಿಲಿಮೀಟರ್ ಮಳೆ ಅಪರೂಪವಲ್ಲ. 400 ಚದರ ಮೀಟರ್ ಹಾಸಿನ ಮೇಲೆ ಅಷ್ಟು ಮಳೆ ಬಿದ್ದರೆ 40,000 ಲೀಟರ್. ಇಡೀ ಕೇರಿಯ ಕೊಳಚೆಗಿಂತ ಜಾಸ್ತಿ. ಹಾಸಿನ ಮೇಲೆ ಬೀಳುವ ಮಳೆ ಹೋಗಲಿ, ಅದನ್ನು ಲೆಕ್ಕಕ್ಕೆ ಹಿಡಿದೇ ಹೊರಪೈಪ್ ದೊಡ್ಡದು ಇಡಬಹುದು. ಸುತ್ತಲಿನ ಅಂಗಳದ ನೀರು ಒಳಗೆ ನುಗ್ಗಬಾರದು. ಅದಕ್ಕೆ ಸುತ್ತ ಒಂದೂವರೆ ಅಡಿ ಕಟ್ಟೆ, ಎಲ್ಲ ಮುಚ್ಚಳಗಳೂ ನೆಲದಿಂದ ಒಂದಡಿ ಮೇಲೆ. ಮಾಡಿನ (ಚಾವಣಿಯ) ನೀರಿನ ಪೈಪನ್ನು ಕೊಳಚೆ ಪೈಪಿಗೆ ಕದ್ದು ಜೋಡಿಸಿದ ಮನೆ ಒಂದೇ ಇದ್ದರೂ ಘಟಕ ತೊಳೆದು ಹೋಗುತ್ತದೆ. ಮೊದಲ ಮಳೆ ದಿನ ಛತ್ರಿ ಹಿಡಿದು ಎಲ್ಲ ಮನೆ ನೋಡಿ ಬನ್ನಿ.

ತೊಟ್ಟಿ ಕಟ್ಟುವಾಗ ಸ್ಲ್ಯಾಗ್ ಸಿಮೆಂಟ್ ಅಥವಾ ಪೊಝೊಲಾನಾ ಸಿಮೆಂಟ್ ಬಳಸಿ, ಕಬ್ಬಿಣದ ಮೇಲೆ ಎರಡಿಂಚು ಕಾಂಕ್ರೀಟ್ ಹೊದಿಕೆ ಇರಲಿ. ಹೊಳೆಯ ಉಪ್ಪು ಹೊಯ್ಗೆ ಖಂಡಿತ ಬೇಡ.

ಸಂಸ್ಕರಿಸಿದ ನೀರು ಎಲ್ಲಿಗೆ?

ಇದೇ ನಿಜವಾದ ಪ್ರಶ್ನೆ, ಮತ್ತು ಇದನ್ನೇ ಎಲ್ಲರೂ ಕೊನೆಗೆ ಇಟ್ಟುಕೊಳ್ಳುತ್ತಾರೆ. ‘ಶುದ್ಧ ಮಾಡಿದ್ದೇವಲ್ಲ, ಹೊಳೆಗೆ ಬಿಟ್ಟರಾಯಿತು’ ಎನ್ನುತ್ತಾರೆ. ಅಂಕಿ ನೋಡಿ. ಸಂಸ್ಕರಣಾ ಘಟಕಗಳಿಗೆ ಕೇಂದ್ರ ಪರಿಸರ ಸಚಿವಾಲಯ 2017ರಲ್ಲಿ ಹೊರಡಿಸಿದ ಮಾನದಂಡದಲ್ಲಿ 100 ಮಿಲಿಲೀಟರಿಗೆ 1000 ಮಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾವರೆಗೆ ಅವಕಾಶ ಇದೆ. ಸಮುದ್ರದಲ್ಲಿ ಸ್ನಾನ ಮಾಡುವ ನೀರಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಮಿತಿ 100. ಕಾಯಿದೆ ಪ್ರಕಾರ ಪಾಸಾದ ನೀರು ಕೂಡ ಮಕ್ಕಳು ಈಜುವ ನೀರಿಗಿಂತ ಹತ್ತು ಪಟ್ಟು ಕೆಟ್ಟದ್ದಾಗಿರಬಹುದು. ಬಳಚಿನ ಜಾಗಕ್ಕೆ ಅದನ್ನು ಬಿಡಲಾಗದು.

ಬೇಸಿಗೆಯಲ್ಲಿ ಉತ್ತರ ಸುಲಭ: ತೆಂಗಿನ ತೋಟ. ದೊಡ್ಡ ತೆಂಗಿನ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 50 ಲೀಟರ್ ನೀರು ಬೇಕು. 24,000 ಲೀಟರ್ 480 ಮರಕ್ಕೆ ಸಾಕು, ಅಂದರೆ ಆರೇಳು ಎಕರೆ ತೋಟ. ನೀರಿನ ಜೊತೆ ಸಾರಜನಕ, ರಂಜಕವೂ ಬರುತ್ತದೆ, ಗೊಬ್ಬರದ ಖರ್ಚು ಉಳಿಯುತ್ತದೆ. ಹೊಳೆಗೆ ಹೋಗಿದ್ದರೆ ಅದೇ ಸಾರಜನಕ ಪಾಚಿ ಬೆಳೆಸುತ್ತಿತ್ತು. ನೀರನ್ನು ಬುಡದ ಪಾತಿಗೆ ಪೈಪಲ್ಲೇ ಕೊಡಿ, ಸ್ಪ್ರಿಂಕ್ಲರ್ ಬೇಡ. ಹಸಿ ತಿನ್ನುವ ಸೌತೆ, ಮೂಲಂಗಿ, ಸೊಪ್ಪಿಗೆ ಬೇಡ. ತೋಟದವರ ಜೊತೆ ಕೆಲಸ ಶುರುವಾಗುವ ಮೊದಲೇ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಿ. ಮಾರ್ಚ್‌ನಲ್ಲಿ ಎಲ್ಲರಿಗೂ ನೀರು ಬೇಕು, ನವೆಂಬರ್‌ನಲ್ಲಿ ಯಾರಿಗೂ ಬೇಡ.

ಜೂನ್‌ನಿಂದ ಸೆಪ್ಟೆಂಬರ್ ಕಷ್ಟದ ಕಾಲ. ತೋಟಕ್ಕೆ ನೀರು ಬೇಡ, ನೆಲ ಕುಡಿಯುವುದಿಲ್ಲ. ಆಗ ನೀರನ್ನು ಇನ್ನೊಂದು ಆಳವಿಲ್ಲದ, ಬಿಸಿಲು ಬೀಳುವ ಕೆರೆಯಲ್ಲಿ ಕೆಲವು ದಿನ ನಿಲ್ಲಿಸಿ, ಗಿಡ ಬೆಳೆದ ಉದ್ದ ಕಾಲುವೆಯಲ್ಲಿ ನಿಧಾನ ಹರಿಸಿ, ಬಾವಿಗಳಿಂದಲೂ ಚಿಪ್ಪಿನ ಜಾಗದಿಂದಲೂ ದೂರದಲ್ಲಿ ಬಿಡಬೇಕು. ಎಲ್ಲಿ ಅನ್ನುವುದನ್ನು ಬಳಚು ಹೆಕ್ಕುವವರು, ಬಲೆ ಬೀಸುವವರು ಹೇಳಲಿ. ಇಳಿತದಲ್ಲಿ ಯಾವ ಕಡೆ ಸೆಳೆತ ಇದೆ, ಎಲ್ಲಿ ನೀರು ಸುಮ್ಮನೆ ತಿರುಗುತ್ತಾ ನಿಲ್ಲುತ್ತದೆ ಎಂದು ಅವರಿಗೆ ಗೊತ್ತಿರುವಷ್ಟು ಯಾವ ನಕ್ಷೆಗೂ ಗೊತ್ತಿಲ್ಲ. ಕ್ಲೋರಿನ್ ಸುರಿದು ಬಿಡುವುದು ಬೇಡ. ರೋಗಾಣುವಿನ ಜೊತೆ ಮೀನಿನ ಮರಿಗಳೂ ಸಾಯುತ್ತವೆ.

ಹೂಳು, ಮತ್ತು ಅದನ್ನು ತೆಗೆಯುವ ಮನುಷ್ಯರು

ಮನೆ ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ, ತುಂಬಿರಲಿ ಬಿಡಲಿ, ಖಾಲಿ ಮಾಡಿಸಬೇಕು. ಸಕ್ಕಿಂಗ್ ಲಾರಿಯಿಂದಲೇ. ಯಾರನ್ನೂ ಒಳಗೆ ಇಳಿಸಬೇಡಿ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯಿದೆ ಪ್ರಕಾರ ಅದು ಅಪರಾಧ. ಒಳಗಿನ ವಿಷಗಾಳಿ ಒಂದೆರಡು ಉಸಿರಿಗೇ ಮನುಷ್ಯನನ್ನು ಕೆಡವುತ್ತದೆ. ಬಿದ್ದವರನ್ನು ಎತ್ತಲು ಇಳಿದವರೂ ಅಲ್ಲೇ ಸತ್ತ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಬಿದ್ದ ಕೊಡಪಾನಕ್ಕೋ ಕಟ್ಟಿದ ಪೈಪಿಗೋ ಒಬ್ಬರ ಜೀವ ಕೊಡಬಾರದು.

ಲಾರಿ ಎಲ್ಲಿ ಖಾಲಿ ಮಾಡುತ್ತದೆ ಎಂದು ಕೇಳಿ. ರಾತ್ರಿ ತೋಡಿಗೆ ಸುರಿದರೆ ನಿಮ್ಮ ಕೆಲಸವೆಲ್ಲ ಹಾಳು. ಮಲದ ಹೂಳು ಸಂಸ್ಕರಿಸುವ ಘಟಕ ದೇವನಹಳ್ಳಿಯಲ್ಲಿ 2015ರಲ್ಲೇ ಶುರುವಾಯಿತು, ದೇಶದಲ್ಲಿ ಒಂದು ಊರಿಗೆಂದೇ ಕಟ್ಟಿದ ಮೊದಲನೆಯದು ಅದು. ನಿಮ್ಮ ತಾಲೂಕಿಗೆ ಯಾವ ಘಟಕ ಎಂದು ತಾಲೂಕು ಪಂಚಾಯತಿಯಲ್ಲಿ ವಿಚಾರಿಸಿ, ಅಲ್ಲಿನ ರಸೀದಿ ತಂದ ಮೇಲೆಯೇ ಲಾರಿಯವರಿಗೆ ದುಡ್ಡು ಕೊಡಿ. ಹೊಸ ಘಟಕ ನಿಮ್ಮ ಪಂಚಾಯತಿಯಲ್ಲೇ ಬರುವುದಾದರೆ ಹೂಳು ಒಣಗಿಸುವ ಹಾಸಿನ ಮೇಲೆ ಚಾವಣಿ ಕೇಳಿ. ಚಾವಣಿ ಇಲ್ಲದ ಹಾಸು ಕರಾವಳಿಯಲ್ಲಿ ನಾಲ್ಕು ತಿಂಗಳು ಒಣಗುವುದೇ ಇಲ್ಲ.

ಕಾಗದ ಮತ್ತು ದುಡ್ಡು

ಜಾಗ ಗೊತ್ತು ಮಾಡುವ ಮೊದಲು ಕರಾವಳಿ ನಿಯಂತ್ರಣ ವಲಯದ ನಕ್ಷೆ ನೋಡಿ. 2019ರ ಅಧಿಸೂಚನೆ ಪ್ರಕಾರ ಸಮುದ್ರದ ಕಡೆ ಭರತದ ಗೆರೆಯಿಂದ 500 ಮೀಟರ್, ಭರತ ಬರುವ ಹೊಳೆಯ ದಡದಲ್ಲಿ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು ಈ ವಲಯಕ್ಕೆ ಸೇರುತ್ತದೆ. 1000 ಚದರ ಮೀಟರಿಗಿಂತ ದೊಡ್ಡ ಕಾಂಡ್ಲಾ ಕಾಡಿನ ಸುತ್ತ 50 ಮೀಟರ್ ಬಿಡಬೇಕು. ಸಂಸ್ಕರಿಸದ ಕೊಳಚೆ ಬಿಡುವುದಕ್ಕೆ ಇಡೀ ವಲಯದಲ್ಲಿ ನಿಷೇಧ ಇದೆ. ಸಾಧ್ಯವಾದಷ್ಟು ಈ ಗೆರೆಯಾಚೆಗೇ ಜಾಗ ಹುಡುಕಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಯನ್ನೂ ಕೆಲಸ ಶುರುವಾಗುವ ಮೊದಲೇ ಕೇಳಿ.

ದುಡ್ಡಿನ ವಿಷಯಕ್ಕೆ ಬಂದರೆ, ಸ್ವಚ್ಛ ಭಾರತ್ ಮಿಷನ್ ಗ್ರಾಮೀಣದ ಎರಡನೇ ಹಂತದಲ್ಲಿ ಬೂದು ನೀರಿಗೆಂದು (ಬಚ್ಚಲು, ಅಡುಗೆಮನೆ ನೀರು) 5000 ಜನಸಂಖ್ಯೆಯವರೆಗಿನ ಹಳ್ಳಿಗಳಿಗೆ ತಲೆಗೆ 280 ರೂಪಾಯಿ ಇಟ್ಟಿದ್ದರು. 300 ಜನರ ಕೇರಿಗೆ 84,000 ರೂಪಾಯಿ. ಅದೊಂದರಿಂದ ಘಟಕ ಆಗುವುದಿಲ್ಲ. ಹಣಕಾಸು ಆಯೋಗದ ನೈರ್ಮಲ್ಯದ ಪಾಲು, ಪಂಚಾಯತಿಯ ಸ್ವಂತ ನಿಧಿ, ಹೋಮ್‌ಸ್ಟೇಗಳ ವಂತಿಗೆ ಎಲ್ಲ ಸೇರಬೇಕು. ಈಗಿನ ದರ ಎಷ್ಟು ಎಂದು ಪಿಡಿಒ ಹತ್ತಿರ ಕೇಳಿ ಬರೆದುಕೊಳ್ಳಿ.

ನೋಡಿಕೊಳ್ಳುವವರು ಯಾರು

ಕರೆಂಟ್ ಬೇಡ ಅಂದರೆ ಕೆಲಸವೇ ಬೇಡ ಅಂತಲ್ಲ. ವಾರಕ್ಕೆ ಎರಡು ಸಲ ಯಾರಾದರೂ ಹೋಗಿ ಒಳಬರುವ ಪೈಪಿನ ಕಸ ತೆಗೆಯಬೇಕು, ಹಾಸಿನ ನೀರಿನ ಮಟ್ಟ ನೋಡಬೇಕು, ಒಣಗಿದ ಗಿಡ ಕೊಯ್ಯಬೇಕು. ಆರು ತಿಂಗಳಿಗೊಮ್ಮೆ ತೊಟ್ಟಿಗಳಲ್ಲಿ ಹೂಳು ಎಷ್ಟು ಎಂದು ಮುಚ್ಚಳ ತೆಗೆದು ಉದ್ದ ಕೋಲಿಗೆ ಬಿಳಿ ಬಟ್ಟೆ ಸುತ್ತಿ ಅದ್ದಿ ನೋಡಬೇಕು. ಹೂಳು ಇರುವಷ್ಟು ಎತ್ತರಕ್ಕೆ ಬಟ್ಟೆ ಕಪ್ಪಾಗುತ್ತದೆ. ನೀರಿನ ಆಳದ ಮೂರನೇ ಒಂದು ಪಾಲು ದಾಟಿದರೆ ಲಾರಿ ಕರೆಯಿರಿ. ಮೂಗಿಗೆ ಬಟ್ಟೆ ಕಟ್ಟಿ, ಬೀಡಿ ದೂರ ಇಟ್ಟು, ಗಾಳಿಗೆ ಬೆನ್ನು ಮಾಡಿ ನಿಂತು ಮಾಡಿ.

ಈ ಕೆಲಸವನ್ನು ಮಹಿಳಾ ಸ್ವಸಹಾಯ ಗುಂಪುಗಳ ಸಂಜೀವಿನಿ ಒಕ್ಕೂಟಕ್ಕೆ ಸಂಬಳ ಸಮೇತ ವಹಿಸಬಹುದು. ಘನತ್ಯಾಜ್ಯದ ಕೆಲಸವನ್ನು ಅವರು ಎಷ್ಟೋ ಪಂಚಾಯತಿಗಳಲ್ಲಿ ಈಗಾಗಲೇ ಚೆನ್ನಾಗಿ ನಡೆಸುತ್ತಿದ್ದಾರೆ. ತಿಂಗಳ ಶುಲ್ಕ ಮನೆಗೆ ಒಂದು ದರ, ಹೋಮ್‌ಸ್ಟೇಗೆ ಕೋಣೆ ಲೆಕ್ಕದಲ್ಲಿ ಇನ್ನೊಂದು ದರ. ಶನಿವಾರ ಭಾನುವಾರ ಹತ್ತು ಕೋಣೆ ತುಂಬುವ ಜಾಗದಿಂದ ಬರುವ ನೀರು ಹತ್ತು ಮನೆಯ ನೀರಿಗೆ ಸಮ. ಅದನ್ನು ಲೆಕ್ಕಕ್ಕೆ ಹಿಡಿಯದೆ ಕಟ್ಟಿದ ಘಟಕ ರಜೆಯ ದಿನಗಳಲ್ಲಿ ಉಕ್ಕುತ್ತದೆ. ಹೊಸ ಮನೆ, ಹೊಸ ಹೋಮ್‌ಸ್ಟೇಗೆ ಪರವಾನಗಿ ಕೊಡುವ ಮೊದಲು ಘಟಕದಲ್ಲಿ ಜಾಗ ಇದೆಯೇ ಎಂದು ಪಂಚಾಯತಿ ನೋಡಬೇಕು.

ಪ್ರತಿ ವರ್ಷ ಜುಲೈ ಕೊನೆಗೆ, ಮೊದಲ ವರ್ಷ ಅಳೆದ ಅದೇ ಬಾವಿಗಳನ್ನು ಮತ್ತೆ ಅಳೆಯಿರಿ, ಅದೇ ಬಾಟಲಿ ಪರೀಕ್ಷೆ ಮಾಡಿ. ಹೊಳೆಯ ನೀರನ್ನು ಇಳಿತದ ಕೊನೆಗೆ, ಬಳಚಿನ ಜಾಗದಿಂದಲೇ ತುಂಬಿಸಿ, ಐಸ್ ಪೆಟ್ಟಿಗೆಯಲ್ಲಿಟ್ಟು ಆರು ಗಂಟೆಯೊಳಗೆ ಲ್ಯಾಬಿಗೆ ತಲುಪಿಸಿ. ಭರತದಲ್ಲಿ ತೆಗೆದರೆ ಸಮುದ್ರದ ನೀರು ಬೆರೆತು ಫಲಿತಾಂಶ ಸುಳ್ಳೇ ಚೆನ್ನಾಗಿ ಬರುತ್ತದೆ. ಬಾವಿಯದ್ದು, ಹೊಳೆಯದ್ದು ಎರಡೂ ಅಂಕಿಗಳನ್ನು ಮನೆ ಹೆಸರಿಲ್ಲದೆ ಪಂಚಾಯತಿ ಗೋಡೆಗೆ ಹಚ್ಚಿ, ಆಗಸ್ಟ್‌ನ ಗ್ರಾಮಸಭೆಯಲ್ಲಿ ಓದಿಸಿ. ಕಪ್ಪಾದ ಬಾಟಲಿ ಇನ್ನೂ ಬರುತ್ತಿರುವ ಬಾವಿಯ ಮನೆಗೆ ಸಭೆಗೆ ಮೊದಲೇ ಹೋಗಿ ಹೇಳಿ, ಕುದಿಸಿ ಕುಡಿಯಲು ತಿಳಿಸಿ. ಮಳೆ ಬಿಟ್ಟ ಮೇಲೆ ಮೊದಲ ಕೆಲಸ ಆ ಬಾವಿಯ ಸುತ್ತಲಿನ ಗುಂಡಿಗಳಿಂದ ಶುರುವಾಗಲಿ.